ಪಾಲಬಾವಿಯ ಕೆನಾಲ್ ದಂಡೆಯಲ್ಲಿ ನಲವತ್ತಮೂರು ನಿಮಿಷ

ದೆವ್ವ, ಗಾಳಿ, ಮಾಟ ಇವನ್ನೆಲ್ಲ ನಾನು ಯಾವತ್ತೂ ನಂಬಿದವಳಲ್ಲ. ನಮ್ಮ ಓಣಿಯ ಹೆಂಗಸರು ದಾರಿಯಲ್ಲಿ ಬಿದ್ದ ಲಿಂಬೆಹಣ್ಣಿಗೆ ಸುತ್ತು ಹಾಕಿ ಹೋಗುವಾಗ ನಾನು ಬೇಕೆಂದೇ ಅದನ್ನು ತುಳಿದು ಹೋಗುತ್ತಿದ್ದೆ. ಯಾರಾದರೂ ತಮಗಾದ ವಿಚಿತ್ರವನ್ನು ಹೇಳತೊಡಗಿದರೆ ಎಷ್ಟು ಗಂಟೆಗೆ, ಜೊತೆಗೆ ಯಾರಿದ್ದರು, ನೀವೇ ಕಂಡಿರಾ ಎಂದು ಕೇಳಿ ಅವರ ಉತ್ಸಾಹ ಇಳಿಸುತ್ತಿದ್ದೆ. ಈಗ ನನ್ನದನ್ನೇ ಹೇಳಲು ಕೂತಿದ್ದೇನೆ. ನೀವೂ ಹಾಗೆಯೇ ಕೇಳಿ, ನನಗೆ ಬೇಸರವಿಲ್ಲ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಾನು ಹೆದರಿಕೊಂಡು ಬರೆಯುತ್ತಿಲ್ಲ, ಯಾರ ಕ್ಷಮೆ ಕೇಳುವುದಕ್ಕೂ ಬರೆಯುತ್ತಿಲ್ಲ.

ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತರಾದ ವರ್ಷ ಒಂದು ಹಳೆಯ ಟೆಂಪೊ ತಂದು, ಆರು ತಿಂಗಳು ಅದರ ಹೊಟ್ಟೆಯೊಳಗೇ ಕೂತು, ಮಂಚ, ಒಲೆ, ನೀರಿನ ಟಾಕಿ, ಮೇಲೊಂದು ಸೋಲಾರ್ ಎಲ್ಲ ಕೂಡಿಸಿ ಮನೆ ಮಾಡಿದರು. ಅದು ಅವರ ಹುಚ್ಚು. ನನ್ನ ಹುಚ್ಚು ಬೇರೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ನಾನು, ನಮ್ಮ ಕಡೆಯ ಜನ ದನ, ಕುರಿ, ಕೋಳಿ, ನಾಯಿಗಳ ಜೊತೆ ಮಾಡುವ ಸದ್ದುಗಳ ಮೇಲೆ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದೆ. ಕರೆಯುವುದಕ್ಕೆ ಒಂದು ಸದ್ದು, ಅಟ್ಟುವುದಕ್ಕೆ ಒಂದು, ನೀರು ಕುಡಿಸುವುದಕ್ಕೆ ಸಿಳ್ಳು. ಚಿಕ್ಕೋಡಿಯದು ಅಥಣಿಯಲ್ಲಿಲ್ಲ, ಅಥಣಿಯದು ಕಾಗವಾಡಕ್ಕೆ ಹೋಗುವಷ್ಟರಲ್ಲಿ ಅರ್ಧ ಮರಾಠಿ ಆಗಿರುತ್ತದೆ. ಹತ್ತು ವರ್ಷ ಇದರ ಹಿಂದೆ ತಿರುಗಿದೆ. ಕೊನೆಯ ಎರಡು ವರ್ಷ ಗಾಡಿಯಲ್ಲೇ ಇದ್ದು ಪ್ರಬಂಧ ಬರೆದು ಮುಗಿಸಿದೆ. ನಿಪ್ಪಾಣಿಯಲ್ಲಿ ಅರಿವೆ ಅಂಗಡಿ ಇಟ್ಟಿರುವ ನಮ್ಮ ಅಣ್ಣ, ಅವನನ್ನು ನಾವು ದಾದಾ ಅನ್ನುತ್ತೇವೆ, ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ: "ನಮ್ಮ ತಂಗಿ ಕೋಳಿ ಕರದು ಡಾಕ್ಟರ್ ಆಗಾಕತ್ತಾಳ."

ಗಾಡಿಯಲ್ಲಿ ಇರುವವರಿಗೆ ನೀರಿಗಿಂತ, ಪಾಯಖಾನೆಗಿಂತ ದೊಡ್ಡ ತಲೆನೋವು ನೆಟ್. ನಾವು ಎರಡು ಸಿಮ್ ಇಟ್ಟುಕೊಂಡಿದ್ದೆವು. ರೂಟರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಉದ್ದನೆಯ ಬಿದಿರು ಗಳಕ್ಕೆ ಕಟ್ಟಿ, ಗಾಡಿಯ ತಲೆಯ ಮೇಲೆ ನಿಲ್ಲಿಸುತ್ತಿದ್ದೆವು. ಶಿರಗುಪ್ಪಿಯ ಕಡೆ ಹೋದರೆ ಫೋನು ಆಚೆಯ ಟವರ್ ಹಿಡಿದು ಮಹಾರಾಷ್ಟ್ರಕ್ಕೆ ಸ್ವಾಗತ ಎನ್ನುತ್ತಿತ್ತು, ನಾಲ್ಕು ಹೆಜ್ಜೆ ಹಿಂದೆ ಬಂದರೆ ಮತ್ತೆ ಕರ್ನಾಟಕಕ್ಕೆ ಸ್ವಾಗತ. ಯಾವ ಊರಿನ ಯಾವ ಗಿಡದ ಬುಡದಲ್ಲಿ ಸಿಗ್ನಲ್ಲಿನ ಎಷ್ಟು ಕಡ್ಡಿ ಸಿಗುತ್ತದೆ ಎಂದು ನಾನೊಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ರಾಯಬಾಗ ತಾಲೂಕಿನ ಪಾಲಬಾವಿಯ ಕೆನಾಲ್ ದಂಡೆಯ ಮುಂದೆ 'ಎಲ್ಲಕ್ಕಿಂತ ಚೊಕ್ಕ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೆ.

ಕೊನೆಗೆ ನನ್ನ ಮೌಖಿಕ ಪರೀಕ್ಷೆಯ ದಿನ ಗೊತ್ತಾಯಿತು. ಹೊರಗಿನ ಪರೀಕ್ಷಕರು ದೂರದ ಊರಿನವರು, ಹಾಗಾಗಿ ಮಧ್ಯಾಹ್ನ ಒಂದು ಗಂಟೆಗೆ ಎಲ್ಲವೂ ಆನ್‌ಲೈನ್. ನನಗೆ ಕೊಟ್ಟಿದ್ದ ಹೆಚ್ಚಿನ ಅವಧಿ ಅದೇ ತಿಂಗಳು ಮುಗಿಯುತ್ತಿತ್ತು. ಅವತ್ತು ತಪ್ಪಿದರೆ ಹೆಸರು ರದ್ದು, ಹತ್ತು ವರ್ಷ ನೀರಿಗೆ ಹೋದಂತೆ. ದಾದಾ ಫೋನ್ ಮಾಡಿದ.

"ಅವತ್ತ ಒಂದ ದಿನಾನಾರ ಮನಿಗೆ ಬಾ. ಇಲ್ಲಿ ವಾಯ್‌ಫಾಯ್ ಐತಿ. ಗಾಡ್ಯಾಗಿನ ನೆಟ್ ನಂಬಿ ಕೆಡಬ್ಯಾಡ."

"ಬರಾಂಗಿಲ್ಲ ದಾದಾ," ಎಂದೆ. "ಗಾಡ್ಯಾಗ ಕುಂತ ಬರದೇನಿ, ಗಾಡ್ಯಾಗ ಕುಂತ ಉತ್ತರಾ ಕೊಡ್ತೇನಿ."

ಅದು ಸೊಕ್ಕಿನ ಮಾತು ಎಂದು ನಿಮಗನಿಸಿದರೆ ಹೌದು, ಸೊಕ್ಕೇ. ಅವನ ಮನೆಯ ಸೋಫಾದ ಮೇಲೆ ಕೂತು ಪಾಸಾಗಿದ್ದರೆ ಆಮೇಲೆ ಇಡೀ ಜನ್ಮ ಅದು ಅವನ ವಾಯ್‌ಫಾಯಿನ ಪಿಎಚ್.ಡಿ. ಆಗಿರುತ್ತಿತ್ತು.

ಹಿಂದಿನ ದಿನ ಸಂಜೆ ಕತ್ತಲಾಗುವಾಗ ಪಾಲಬಾವಿಯ ದಂಡೆಗೆ ಬಂದು ನಿಂತೆವು. ಮಳೆ ಬಿದ್ದು ಬಿಟ್ಟಿತ್ತು, ಸುಸ್ತಾಗಿತ್ತು, ಉಂಡು ಮಲಗಿದೆವು. ಬೆಳಗ್ಗೆ ಎದ್ದು ನೋಡಿದರೆ ಎರಡೂ ಸಿಮ್ಮಿನಲ್ಲಿ ಒಂದು ಕಡ್ಡಿಯೂ ಇಲ್ಲ. ಸುತ್ತ ನೋಡಿದ ಮೇಲೆ ನನ್ನ ತಪ್ಪು ತಿಳಿಯಿತು. ನಾನು ಆ ಜಾಗವನ್ನು ಬರೆದುಕೊಂಡಿದ್ದು ಕಬ್ಬು ಕಡಿದ ಮೇಲೆ, ಬಯಲು ಬಯಲಾಗಿದ್ದಾಗ. ಈಗ ಮೂರೂ ಕಡೆ ಕಬ್ಬು ಎರಡಾಳು ಎತ್ತರ ನಿಂತಿತ್ತು. ಕಬ್ಬು ಬೆಳೆದಾಗ ಸಿಗ್ನಲ್ ಸಾಯುತ್ತದೆ, ಕಡಿದಾಗ ಬರುತ್ತದೆ ಎನ್ನುವುದು ನಮ್ಮ ಕಡೆ ಶಾಲೆಗೆ ಹೋಗದವರಿಗೂ ಗೊತ್ತು. ಕಬ್ಬಿನ ನಾಡಿನಲ್ಲೇ ಹುಟ್ಟಿ ಬೆಳೆದ ನಾನು ಗಾಡಿ ತಂದು ಅದರೊಳಗೇ ನಿಲ್ಲಿಸಿದ್ದೆ.

ಗಾಡಿ ತೆಗೆಯೋಣ ಎಂದರೆ ಹಿಂದಿನ ಗಾಲಿ ಎರೆಮಣ್ಣಿನಲ್ಲಿ ಅರ್ಧ ಹೂತಿತ್ತು. ಕಲ್ಲು ಕೊಟ್ಟೆವು, ಗೋಣಿಚೀಲ ಹಾಕಿದೆವು, ಗಾಲಿ ಇನ್ನಷ್ಟು ಒಳಗೆ ಹೋಯಿತು. ಮನೆಯವರು ಗಾಡಿಯ ಹಿಂದೆ ಕಟ್ಟಿದ್ದ ಬೈಕ್ ಬಿಚ್ಚಿಕೊಂಡು ಟ್ರ್ಯಾಕ್ಟರ್ ತರಲು ಹೋದರು. ಹನ್ನೆರಡಾಯಿತು, ಹನ್ನೆರಡೂವರೆ ಆಯಿತು, ಅವರ ಸುಳಿವಿಲ್ಲ. ನಾನು ಗಾಡಿಯ ತಲೆ ಹತ್ತಿ, ಗಳಕ್ಕೆ ಇನ್ನೊಂದು ಗಳ ಕಟ್ಟಿ ಏರಿಸಿದೆ. ಸರಿಯಾಗಿ ಒಂದು ಗಂಟೆಗೆ ಒಂದು ಕಡ್ಡಿ ಸಿಕ್ಕಿತು. ಓಡಿ ಬಂದು ಲ್ಯಾಪ್‌ಟಾಪ್ ಮುಂದೆ ಕೂತೆ. ಪರೀಕ್ಷಕರ ಮುಖ ಕಂಡಿತು, ನನ್ನ ಮಾರ್ಗದರ್ಶಕಿ ಮೇಡಂ ಕಂಡರು, ನಾನು ನಮಸ್ಕಾರ ಮಾಡಿ ಪ್ರಬಂಧದ ಹೆಸರು ಹೇಳಿದೆ. ಐದು ನಿಮಿಷ ಆಗಿರಬೇಕು. ಪರೀಕ್ಷಕರ ಮುಖ ಅರ್ಧ ತೆರೆದ ಬಾಯಿಯಲ್ಲಿ ಹಾಗೇ ನಿಂತಿತು, ಆಮೇಲೆ ಅದೂ ಹೋಯಿತು.

ಮತ್ತೆ ಮೇಲೆ ಹತ್ತಿದೆ, ಇಳಿದೆ, ಹತ್ತಿದೆ. ರೂಟರ್ ಆರಿಸಿ ಹಚ್ಚಿದೆ. ಏನೂ ಆಗಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಕೆನಾಲಿನ ಕಡೆ ನಡೆದೆ. ಅಳು ಬರುತ್ತಿತ್ತು, ಅದಕ್ಕಿಂತ ಹೆಚ್ಚಾಗಿ ದಾದಾನ ಮುಖ ಕಣ್ಣ ಮುಂದೆ ಬಂದು ಸಿಟ್ಟು ಬರುತ್ತಿತ್ತು. ಕೈಗಡಿಯಾರದಲ್ಲಿ ಒಂದು ಗಂಟೆ ಹದಿನೈದು ನಿಮಿಷ ಆಗಿತ್ತು.

ದಂಡೆಯ ಮೇಲೆ ಲಗಮವ್ವ ಎಂಬ ಹೆಂಗಸು ಕುರಿ ಬಿಟ್ಟುಕೊಂಡು ಕೂತಿದ್ದಳು. ನಾನು ಹತ್ತಿ ಇಳಿದದ್ದನ್ನೆಲ್ಲ ನೋಡಿದ್ದಳು.

"ಏನ್ ಹುಡಕಾಕತ್ತಿದ್ರಿ ಅಕ್ಕಾರ ಅಷ್ಟ ಮ್ಯಾಲ ಹತ್ತಿ?"

"ನೆಟ್‌ವರ್ಕ್ ಬೇ."

"ಕಬ್ಬ ನಿಂತಾಗ ಎಲ್ಲಿ ನೆಟ್‌ವರ್ಕ್ ರೀ? ಕಡದ ಮ್ಯಾಲ ಬರ್ರಿ, ಬೇಕಾದಷ್ಟ ಬರತೈತಿ," ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟಳು. ನನಗೆ ಹಸಿವಿತ್ತು, ತಿಂದೆ.

ಅವಳ ಹತ್ತಿರ ಒಂದು ಕುರಿ ಇತ್ತು. ಅದರ ಮರಿ ಸತ್ತಿತ್ತು. ತಾಯಿ ಇಲ್ಲದ ಬೇರೊಂದು ಮರಿಯನ್ನು ಅದಕ್ಕೆ ಹಚ್ಚಲು ನೋಡುತ್ತಿದ್ದಳು, ಕುರಿ ಒದೆಯುತ್ತಿತ್ತು. ಅಷ್ಟರಲ್ಲಿ ಊರ ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆಯಿತು. ಅದು ಮುಗಿಯುವವರೆಗೆ ಲಗಮವ್ವ ಸುಮ್ಮನಿದ್ದಳು. ಮುಗಿದ ಮೇಲೆ ಆಚೆ ಈಚೆ ನೋಡಿ, ಕುರಿಯ ಕಿವಿಗೆ ಬಾಯಿ ಹಚ್ಚಿ ಒಂದು ಸದ್ದು ಮಾಡಿದಳು. ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಮೂರು ಸಲ, ಆಮೇಲೆ ಮೂಗಿನಲ್ಲಿ ಉದ್ದಕ್ಕೆ, ತಗ್ಗಿನ ದನಿಯಲ್ಲಿ. ಹೀಗೆ ಎರಡು ಮೂರು ಸಲ ಮಾಡುವಷ್ಟರಲ್ಲಿ ಕುರಿ ಒದೆಯುವುದನ್ನು ಬಿಟ್ಟಿತು, ಮರಿ ಮೊಲೆ ಹಿಡಿಯಿತು. ಹತ್ತು ವರ್ಷದಲ್ಲಿ ನಾನು ಆ ಸದ್ದನ್ನು ಒಮ್ಮೆಯೂ ಕೇಳಿರಲಿಲ್ಲ. ಏಕೆ ಎಂದು ಅವಳೇ ಹೇಳಿದಳು.

"ಇದನ್ನ ಗಂಡಸರ ಮುಂದ ಮಾಡಂಗಿಲ್ರಿ. ಮಾಡಿದ್ರ ಕುರಿ ಮತ್ತ ಮರೀನ ಒಲ್ಲೆ ಅಂತೈತಿ. ನಮ್ಮ ಅತ್ತಿ ಹೇಳಿ ಕೊಟ್ಟಾಳ. ನೀವೂ ಮಾಡಬ್ಯಾಡ್ರಿ ಮತ್ತ."

ಮಾಡುವುದಿಲ್ಲ ಎಂದು ನಾನು ಮಾತು ಕೊಟ್ಟೆ. ಎರಡು ಗಂಟೆಯವರೆಗೆ ಅವಳ ಪಕ್ಕದಲ್ಲೇ ಕೂತಿದ್ದೆ. ಗಾಡಿಗೆ ವಾಪಸು ಬಂದಾಗ ಚಿಲಕ ಹಾಕಿದಂತೆಯೇ ಇತ್ತು, ಲ್ಯಾಪ್‌ಟಾಪ್ ಮುಚ್ಚಿದಂತೆಯೇ ಇತ್ತು.

ಮೂರಕ್ಕೆ ಟ್ರ್ಯಾಕ್ಟರ್ ಬಂದು ಗಾಡಿಯನ್ನು ಎಳೆಯಿತು. ಅಥಣಿಯ ರಸ್ತೆಗೆ ಬಂದ ಕೂಡಲೇ ಫೋನು ಒಂದರ ಹಿಂದೆ ಒಂದು ಸದ್ದು ಮಾಡತೊಡಗಿತು. ಮೊದಲನೆಯದು ಮೇಡಮ್ಮರ ಸಂದೇಶ: ಅಭಿನಂದನೆ, ಡಾಕ್ಟರ್. ಹಿರಿಯರು ಹೀಗೆ ಚೇಷ್ಟೆ ಮಾಡಬಾರದು ಎಂದುಕೊಂಡೇ ಫೋನ್ ಹಚ್ಚಿದೆ.

"ಎಷ್ಟ ಚೆಂದ ಮಾತಾಡಿದ್ರಿ," ಎಂದರು ಅವರು. "ನಡಕ ಒಂದು ಕ್ಷಣ ಕಟ್ ಆದಂಗಾತು, ಆಮ್ಯಾಲ ಒಂದ ಸಲಾನೂ ತೊಂದರಿ ಆಗಲಿಲ್ಲ. ಅವರಿಗೆ ಬಾಳ ಖುಷಿ ಆಗೇತಿ."

ಆ ಪರೀಕ್ಷೆಯ ರೆಕಾರ್ಡಿಂಗ್ ಇದೆ. ನಲವತ್ತಮೂರು ನಿಮಿಷ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ನನಗೇ ಗೊತ್ತಿಲ್ಲ. ಅದರಲ್ಲಿ ನಮ್ಮ ಗಾಡಿ ಇದೆ, ಕಿಟಕಿಯಾಚೆ ಕಬ್ಬಿನ ರವದಿಯ ಗರಿ ಅಲುಗಾಡುತ್ತದೆ, ನಾನು ಉಟ್ಟಿದ್ದ ಹಸಿರು ಇಳಕಲ್ ಸೀರೆ ಉಟ್ಟು ನಾನು ಕೂತಿದ್ದೇನೆ. ಆರನೆಯ ನಿಮಿಷದಲ್ಲಿ ಚಿತ್ರ ಒಮ್ಮೆ ನಡುಗುತ್ತದೆ. ಅಲ್ಲಿಂದ ಮುಂದೆ ಕಾಣುವ ಹೆಂಗಸು ನಾನು ಮಾತಾಡುವಂತೆಯೇ ಮಾತಾಡುತ್ತಾಳೆ, ನನ್ನ ಹಾಗೆಯೇ ಕೈ ತಿರುವುತ್ತಾಳೆ, ಕೇಳಿದ ಒಂದೊಂದು ಪ್ರಶ್ನೆಗೂ ನನ್ನ ಪ್ರಬಂಧದ ಪುಟ ಹೇಳಿ ಉತ್ತರ ಕೊಡುತ್ತಾಳೆ. ನಡುವೆ ಬಾಂಗ್ ಕೇಳುತ್ತದೆ. ಅವಳು ಸುಮ್ಮನಾಗುತ್ತಾಳೆ. ಅದು ಮುಗಿದ ಮೇಲೆ ಪರೀಕ್ಷಕರು, ಹೆಂಗಸರು ಮಾತ್ರ ಮಾಡುವ ಸದ್ದು ಯಾವುದಾದರೂ ಸಿಕ್ಕಿದೆಯೇ ಎಂದು ಕೇಳುತ್ತಾರೆ. ಅವಳು ಸ್ವಲ್ಪ ಬಗ್ಗಿ, ಆ ಗಂಡಸಿನ ಮುಂದೆಯೇ ನಾಲಿಗೆಯನ್ನು ಅಂಗುಳಕ್ಕೆ ಮೂರು ಸಲ ಹೊಡೆದು, ಮೂಗಿನಲ್ಲಿ ಉದ್ದಕ್ಕೆ ಆ ಸದ್ದು ಮಾಡುತ್ತಾಳೆ. ಅದನ್ನು ಮೊದಲ ಸಲ ನೋಡಿದಾಗ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಹೆದರಿದೆ, ಇಲ್ಲ ಎನ್ನುವುದಿಲ್ಲ.

ನಾನು ಯಾವುದನ್ನೂ ಬಚ್ಚಿಡಲಿಲ್ಲ. ಮೇಡಮ್ಮರಿಗೆ ಎಲ್ಲವನ್ನೂ ಪತ್ರದಲ್ಲಿ ಬರೆದೆ. ಅವರು, ನಿಮಗೆ ಆಯಾಸವಾಗಿದೆ, ಎಂಟು ದಿನ ವಿಶ್ರಾಂತಿ ತಗೊಳ್ಳಿ ಎಂದರು. ಮನೆಯವರು, ನೀನೇ ಕೂತು ಮಾತಾಡಿ ಬಿಸಿಲಿಗೆ ಮರೆತಿದ್ದೀ ಎಂದರು. ಹಾಗಾದರೆ ನಮ್ಮ ರೂಟರಿನಲ್ಲಿ ಐದೇ ನಿಮಿಷದಷ್ಟು ಡೇಟಾ ಏಕೆ ಖರ್ಚಾಗಿದೆ ಎಂದು ಕೇಳಿದೆ. ಅವರು ಇಂಜಿನ್ನಿನ ಎಣ್ಣೆ ನೋಡುತ್ತೇನೆ ಎಂದು ಎದ್ದು ಹೋದರು. ತಿಳಿದವರೊಬ್ಬರು, ಈಗಿನ ಕಾಲದಲ್ಲಿ ಕಂಪ್ಯೂಟರೇ ಯಾರ ಮುಖ ಬೇಕಾದರೂ ಮಾಡುತ್ತದೆ ಎಂದರು. ಮಾಡಲಿ. ಕುರಿ ಸದ್ದಿನ ಪಿಎಚ್.ಡಿ.ಗಾಗಿ ನನ್ನ ಮುಖ ಮಾಡಿ ಕೂರಿಸುವಷ್ಟು ಪುರುಸೊತ್ತು ಯಾರಿಗಿದೆ? ಅದೂ ಹೋಗಲಿ, ಲಗಮವ್ವನ ಅತ್ತೆಯ ಸದ್ದು ಯಾವ ಕಂಪ್ಯೂಟರಿಗೆ ಗೊತ್ತಿತ್ತು?

ಮುಂದಿನ ವಾರ ಲಗಮವ್ವನನ್ನು ಹುಡುಕಿಕೊಂಡು ಹೋದೆ. ನನ್ನ ಮುಖದವಳು ಗಂಡಸಿನ ಮುಂದೆ ಆ ಸದ್ದು ಮಾಡಿ ನನ್ನ ಮಾತು ತಪ್ಪಿಸಿದಳು ಎಂಬ ಅಳುಕು ಇತ್ತು. ನಡೆದದ್ದನ್ನು ಹೇಳಿದೆ. ಅವಳು ಮರಿಯನ್ನು ತೋರಿಸಿದಳು. ಅದು ಆ ಕುರಿಯ ಹೊಟ್ಟೆಯ ಕೆಳಗೆ ಬಾಲ ಅಲ್ಲಾಡಿಸುತ್ತ ಹಾಲು ಕುಡಿಯುತ್ತಿತ್ತು.

"ನೀವು ನನ್ನ ಕೂಡ ಕುಂತಿದ್ರಿ," ಎಂದಳು. "ಯಾರ ಕೇಳಿದ್ರೂ ನಾ ಹಂಗ ಹೇಳಾಕಿ. ಮ್ಯಾಲಿಂದು ನನಗ ಗೊತ್ತಿಲ್ರಿ."

ದಾದಾ ಮಾತ್ರ ಬಿಡಲಿಲ್ಲ. ನಿಪ್ಪಾಣಿಯಿಂದ ಬಂದು, ಗಾಡಿಯಲ್ಲಿ ನನ್ನ ಎದುರು ಕೂತು, ರೆಕಾರ್ಡಿಂಗಿನ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ, ಅವಳಿಗಿಂತ ಒಂದೆರಡು ಕಡೆ ಹೆಚ್ಚೇ ಕೊಟ್ಟೆ. ಹೆಂಗಸರ ಸದ್ದಿನ ಪ್ರಶ್ನೆ ಬಂತು. ಒಂದು ಇದೆ, ಆದರೆ ಅದನ್ನು ಗಂಡಸರ ಮುಂದೆ ಮಾಡುವುದಿಲ್ಲ, ಬೇಕಾದರೆ ನಪಾಸು ಮಾಡು ಎಂದೆ.

ದಾದಾ ರೆಕಾರ್ಡಿಂಗ್ ನಿಲ್ಲಿಸಿ, "ಹಂಗಾರ ಪಾಸ್ ಆದಾಕಿ ಬ್ಯಾರೆ, ತಂಗಿ," ಎಂದ.

ಚುಚ್ಚಿತು. ಆದರೆ ಪದವಿಯನ್ನು ನಾನು ವಾಪಸು ಕೊಡಲಿಲ್ಲ, ಕೊಡುವುದೂ ಇಲ್ಲ. ಗಾಡಿಯ ಬಾಗಿಲ ಮೇಲೆ ನನ್ನ ಹೆಸರಿನ ಮುಂದೆ ಡಾಕ್ಟರ್ ಎಂದು ಬರೆಸಿದ್ದೇನೆ. ಮಳೆಯಲ್ಲಿ, ಬಿಸಿಲಲ್ಲಿ ಕುರಿ ಹಿಂಡುಗಳ ಹಿಂದೆ ಹತ್ತು ವರ್ಷ ನಡೆದವಳು ನಾನು. ಅವಳು ನಡೆದದ್ದು ಮೂವತ್ತೇಳು ನಿಮಿಷ, ಅದೂ ಕೂತಲ್ಲೇ. ಅವಳು ಯಾರು, ಎಲ್ಲಿಂದ ಬಂದಳು, ನಾನು ದಂಡೆಯ ಮೇಲೆ ರೊಟ್ಟಿ ತಿನ್ನುವಾಗ ಚಿಲಕ ಹಾಕಿದ ಗಾಡಿಯಲ್ಲಿ ಹೇಗೆ ಕೂತಳು, ನನಗೆ ಇವತ್ತಿಗೂ ತಿಳಿದಿಲ್ಲ. ಒಂದು ದಿನ ಬಂದು ಪದವಿ ನನ್ನದು ಎನ್ನಬಹುದು. ಬರಲಿ. ಒಳಗೆ ಕರೆದು ಚಹಾ ಕೊಡುತ್ತೇನೆ, ಪದವಿ ಕೊಡುವುದಿಲ್ಲ. ಕುಡಿಯುವಾಗ ಒಂದೇ ಒಂದು ಪ್ರಶ್ನೆ ಕೇಳುವುದಿದೆ: ಅಷ್ಟು ಕಬ್ಬಿನ ನಡುವೆ, ಅವತ್ತು, ನಿನಗೆ ನೆಟ್‌ವರ್ಕ್ ಎಲ್ಲಿ ಸಿಕ್ಕಿತು?