ಮೀಟಿಂಗಿಗೆ ಮುಂಚೆಯೇ ಟೈಪ್ ಆಗಿದ್ದ ಅವಿರೋಧ ಆಯ್ಕೆ

ದೆಹಲಿಯ ನಮ್ಮ ಕನ್ನಡ ಸಂಘದ ಮಹಡಿ ಕೋಣೆಯಲ್ಲಿ ಆರು ವರ್ಷ ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ಹೇಳಿಕೊಟ್ಟೆ. ಹನ್ನೊಂದು ಮಕ್ಕಳು. ಕನ್ನಡದಲ್ಲಿ ಬೈದರೆ ಅರ್ಥ ಆಗುತ್ತೆ, ಉತ್ತರ ಮಾತ್ರ ಹಿಂದಿಯಲ್ಲಿ. ಒಂದು ಭಾನುವಾರದ ಪಾಠ ಚುನಾವಣೆ. ಮತ, ಮತದಾರ, ಅಭ್ಯರ್ಥಿ, ನಾಮಪತ್ರ, ಬಹುಮತ ಅಂತ ಬೋರ್ಡಲ್ಲಿ ಬರೀತಿದ್ದೆ. ಒಬ್ಬಳು ಕೇಳಿದಳು, "ಟೀಚರ್, ಇಲ್ಲಿ ಸಂಘದಲ್ಲಿ ಚುನಾವಣೆ ಕಬ್ ಹೋತಾ ಹೈ?"

ಪ್ರತಿ ವರ್ಷ ಆಗುತ್ತೆ ಪುಟ್ಟಿ ಅಂದೆ. ಸುಳ್ಳು. ಪ್ರತಿ ವರ್ಷ ಆಗೋದು ಬಿಸಿಬೇಳೆಬಾತ್. ಅದಕ್ಕೆ ಮುಂಚೆ ಒಬ್ಬರು ಎದ್ದು ಅಧ್ಯಕ್ಷರ ಹೆಸರು ಸೂಚಿಸ್ತಾರೆ, ಇನ್ನೊಬ್ಬರು ಅನುಮೋದಿಸ್ತಾರೆ, ಎಲ್ಲರೂ ಚಪ್ಪಾಳೆ ತಟ್ಟಿ ತಟ್ಟೆ ಹಿಡೀತಾರೆ. ಅಧ್ಯಕ್ಷರು ದೊಡ್ಡ ಹುದ್ದೆಯಿಂದ ನಿವೃತ್ತರಾದವರು. ಹುದ್ದೆ ಹೋದರೂ ಗತ್ತು ಹೋಗಿಲ್ಲ. ಅದನ್ನ ಇಡೋಕೆ ಜಾಗ ಬೇಕಲ್ಲ, ಅದೇ ವಾರ ಸಂಘದ ವಾಟ್ಸಾಪ್ ಗ್ರೂಪಲ್ಲಿ ನೋಟಿಸ್ ಬಂತು: ಮುಂದಿನ ತಿಂಗಳಿಂದ ಮಹಡಿ ಕೋಣೆ ಅಧ್ಯಕ್ಷರ ಕೊಠಡಿ. ಮಕ್ಕಳ ತರಗತಿಗೆ "ಸೂಕ್ತ ವ್ಯವಸ್ಥೆಯನ್ನು ಪರಿಶೀಲಿಸಲಾಗುವುದು." ದೆಹಲಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೀನಿ. ಪರಿಶೀಲಿಸಲಾಗುವುದು ಅಂದ್ರೆ ಮನೆಗೆ ಹೋಗಿ ಅಂತ.

ಈ ಸಲ ಅಧ್ಯಕ್ಷ ಸ್ಥಾನಕ್ಕೆ ನಾನೇ ನಿಲ್ತೀನಿ ಅಂದುಕೊಂಡೆ. ಗೆದ್ದರೆ ಕೋಣೆ ಉಳಿಯುತ್ತೆ, ಅಷ್ಟೇ ಲೆಕ್ಕ. ನಾಮಪತ್ರದ ಫಾರಂ ಕೇಳಿದರೆ ಕಾರ್ಯದರ್ಶಿಗೆ ಅಂಥದ್ದೊಂದು ಇರುತ್ತೆ ಅಂತಲೇ ಗೊತ್ತಿಲ್ಲ. ಯಾವುದೋ ಸಚಿವಾಲಯದಲ್ಲಿ ಫೈಲು ತಳ್ಳೋ ಮನುಷ್ಯ. ಬಿಳಿ ಹಾಳೆಯಲ್ಲೇ ಬರೆದೆ, ನನ್ನ ಗಂಡನ ಕೈಲಿ ಸೂಚಕರು ಅಂತ ಸೈನ್ ಹಾಕಿಸಿದೆ, ಕೊಟ್ಟೆ. ಸತ್ತ ಹಲ್ಲಿ ಹಿಡಿಯೋ ಹಾಗೆ ಎರಡು ಬೆರಳಲ್ಲಿ ತಗೊಂಡ.

ಆಮೇಲೆ ಮಕ್ಕಳ ತಾಯಂದಿರಿಗೆಲ್ಲ ಫೋನ್ ಮಾಡಿದೆ. ಆರ್.ಕೆ.ಪುರಂ ಕ್ವಾರ್ಟರ್ಸಿನವರು, ಜನಕಪುರಿಯವರು, ಎಲ್ಲರದೂ ಒಂದೇ ಮಾತು, ನಮ್ಮ ಓಟು ನಿಮಗೇ ಟೀಚರ್ ಅಂತ. ನಂಬಿದೆ. ನನ್ನ ದಡ್ಡತನ.

ವಾರ್ಷಿಕ ಸಭೆ ದಿನ ಹಾಜರಿ ಹಾಕೋ ಹಾಳೆಗಳ ಕಟ್ಟು ಕೈಯಿಂದ ಕೈಗೆ ಬಂತು. ಎಲ್ಲರೂ ಕೊನೇ ಹಾಳೆ ತೆಗೆದು ಸೈನ್ ಹಾಕಿ ಮುಂದೆ ದಾಟಿಸ್ತಿದ್ರು. ಆವತ್ತು ಯಾಕೋ ಮೊದಲ ಹಾಳೆ ತಿರುಗಿಸಿದೆ. ಸಭೆಯ ನಡಾವಳಿ. ಆಗಲೇ ಟೈಪ್ ಆಗಿ, ಪಿನ್ ಹೊಡೆದು ರೆಡಿ. ಸಭೆ ಇನ್ನೂ ಶುರುವೇ ಆಗಿಲ್ಲ. "ಅಧ್ಯಕ್ಷರು ಕರತಾಡನದ ನಡುವೆ ಅವಿರೋಧವಾಗಿ ಆಯ್ಕೆಯಾದರು. ಅನುಮೋದಿಸಿದವರು: ಮಕ್ಕಳ ತರಗತಿಯ ಶಿಕ್ಷಕಿ."

ಅಂದ್ರೆ ನಾನು.

ಕಾರ್ಯದರ್ಶಿಯದು ಸರ್ಕಾರಿ ಕೈ ಅಲ್ವಾ, ಹೋದ ವರ್ಷದ್ದೇ ತೆಗೆದು ತಾರೀಖು ಬದಲಾಯಿಸಿದ್ದಾನೆ. ಸಿಟ್ಟು ಬಂತು, ಜೊತೆಗೆ ನಾಚಿಕೆನೂ ಆಯ್ತು. ಯಾಕಂದ್ರೆ ಹೋದ ವರ್ಷ ಅನುಮೋದಿಸಿದ್ದು ನಿಜ. ಅದರ ಹಿಂದಿನ ವರ್ಷವೂ ನಾನೇ. ಅಧ್ಯಕ್ಷರ ಹೆಂಡತಿ ಬಂದು ಒಂದು ಮಾತು ಹೇಳಿಬಿಡಿ ಅಂದಿದ್ರು, ಹೇಳಿದ್ದೆ, ಪಾಯಸ ತಿಂದಿದ್ದೆ. ಅವರನ್ನ ಈ ಕುರ್ಚಿಗೆ ಅಂಟಿಸಿದವರಲ್ಲಿ ನಾನೂ ಒಬ್ಬಳು.

ಎದ್ದು ನಿಂತು ಆ ಹಾಳೆ ಜೋರಾಗಿ ಓದಿದೆ. ಕಾರ್ಯದರ್ಶಿ, ಅದು ಬರೀ ಡ್ರಾಫ್ಟು ಮೇಡಂ, ಆಫೀಸಲ್ಲೂ ಹೀಗೇ ಮಾಡೋದು ಅಂದ. ಅದನ್ನ ಹೇಳೋಕೆ ಅವನಿಗೆ ಒಂಚೂರೂ ಸಂಕೋಚ ಆಗಲಿಲ್ಲ. ನನ್ನ ನಾಮಪತ್ರ ಎಲ್ಲಿ ಅಂತ ಕೇಳಿದೆ. ಪರಿಶೀಲನೆಯಲ್ಲಿದೆಯಂತೆ. ಹಿಂದಿನ ಸಾಲಿನಿಂದ ಯಾರೋ, ಚಲೋ ಚಲೋ, ಬಿಸಿಬೇಳೆಬಾತ್ ಆರ್ತಾ ಇದೆ ಅಂದ್ರು.

ಅಧ್ಯಕ್ಷರು ನಕ್ಕರು. ದೊಡ್ಡ ಮನಸ್ಸು ನೋಡಿ. "ಪಾಪ, ಆಸೆಪಟ್ಟಿದ್ದಾರೆ. ಕೈ ಎತ್ತಿಸಿಬಿಡಿ."

ಅವರ ಪರ ಕೈ ಎತ್ತಿ ಅಂದಾಗ ಹಾಲ್ ತುಂಬ ಕೈಗಳ ಕಾಡು ಬೆಳೆದ ಹಾಗಾಯ್ತು. ಆ ತಾಯಂದಿರ ಕೈ ಗಂಡಂದಿರ ಕೈ ಪಕ್ಕದಲ್ಲೇ ಇತ್ತು, ಬಳೆ ಸಮೇತ. ನನ್ನ ಪರ ಎರಡು. ಒಂದು ನನ್ನದು, ಇನ್ನೊಂದು ನನ್ನ ಗಂಡಂದು. ಅದೂ ಭುಜದ ತನಕ ಮಾತ್ರ, ಆಟೋ ನಿಲ್ಲಿಸೋ ಥರ.

ಊಟದ ಹೊತ್ತಿಗೆ ಒಬ್ಬ ತಾಯಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು. ದನಿ ಇಳಿಸಿ, ನಮ್ಮೆಜಮಾನ್ರ ಪೋಸ್ಟಿಂಗ್ ವಿಷಯದಲ್ಲಿ ಅಧ್ಯಕ್ಷರ ಒಂದು ಮಾತು ಬೇಕಿತ್ತು, ನಿಮಗೆ ಅರ್ಥ ಆಗುತ್ತಲ್ಲ ಅಂದಳು. ಅರ್ಥ ಆಯ್ತು ಅಂದೆ.

"ಕ್ಲಾಸ್ ಮಾತ್ರ ನಿಲ್ಲಿಸಬೇಡಿ ಟೀಚರ್. ನಿಮ್ಮ ಮನೇಲೇ ಮಾಡಿ, ನಮಗೇನೂ ತೊಂದರೆ ಇಲ್ಲ."

ಅವಳಿಗೆ ತೊಂದರೆ ಇಲ್ಲವಂತೆ.

ನಮ್ಮ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ, ಹಾಲಲ್ಲಿ ಸೋಫಾ ಸರಿಸಿದರೆ ಹನ್ನೊಂದು ಮಕ್ಕಳು ಕಷ್ಟಪಟ್ಟು ಹಿಡಿಸ್ತಾರೆ. ಬೇಡ ಅನ್ನೋಣ ಅಂತ ಬಾಯಿ ತೆಗೆದೆ. ಆದರೆ ಆ ಮಕ್ಕಳೇನೂ ಅಧ್ಯಕ್ಷರ ಪರ ಕೈ ಎತ್ತಿರಲಿಲ್ಲವಲ್ಲ.

"ಭಾನುವಾರ ಹತ್ತು ಗಂಟೆಗೆ ಕಳಿಸಿ," ಅಂದೆ. "ನೀವು ಮಾತ್ರ ಮೇಲೆ ಬರಬೇಡಿ. ಕೆಳಗೆ ಕಾರಲ್ಲೇ ಕೂತಿರಿ."