ಕೆಂಪು ಬಾವುಟಕ್ಕೆ ನಿಲ್ಲುವ ಗಾಡಿ

ಶಫಿಸಾಬರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ಕಲಬುರಗಿಯ ಮೋಮಿನಪುರಕ್ಕೆಲ್ಲ ಗೊತ್ತು. ಚಹಾಕ್ಕೆ ಸಕ್ಕರೆ ಕಡಿಮೆಯಾದರೂ ಸಿಟ್ಟು, ಹೆಚ್ಚಾದರೂ ಸಿಟ್ಟು. ಆದರೆ ಆ ಶನಿವಾರ ಜಗತ್ ಸರ್ಕಲ್ ಹತ್ತಿರದ ಆಟಿಕೆ ಅಂಗಡಿಯಲ್ಲಿ ಅವರಿಗೆ ಬಂದದ್ದು ಆ ದಿನದ ಸಿಟ್ಟಲ್ಲ. ಅದಕ್ಕೆ ಒಂದು ವಾರ ಮೊದಲೇ ಕಮಲಾಪುರದಲ್ಲಿ ಕಿಡಿ ಬಿದ್ದಿತ್ತು.

ಕಮಲಾಪುರ ಅವರ ಮಗಳು ಜೀನತ್ ಸಂಸಾರ ಹೂಡಿದ ಊರು. ಅಳಿಯ ವಕಾರ್ ಬಾಳೆಹಣ್ಣಿನ ವ್ಯಾಪಾರಿ, ಮಾತಿನಲ್ಲೂ ವ್ಯಾಪಾರಿಯೇ. ಮೊಮ್ಮಕ್ಕಳು ಇಬ್ಬರು. ಎಂಟು ವರ್ಷದ ಆಯೇಶಾಳಿಗೆ ಮಾತು ಕಡಿಮೆ. ಆರು ವರ್ಷದ ಫೈಜಾನನಿಗೆ ಅಕ್ಕನ ಪಾಲಿನ ಮಾತೂ ತನಗೇ ಬೇಕು. ‘ನಮ್ಮ ನಾನಾ ರೈಲು ಓಡಿಸುತ್ತಿದ್ದರು’ ಎಂದು ಅವನು ಪಕ್ಕದ ಮನೆಯ ಸಲ್ಮಾನನ ಮುಂದೆ ಕೊಚ್ಚಿಕೊಂಡಿದ್ದ. ಸಲ್ಮಾನ್ ಮನೆಯಲ್ಲಿ ವಿಚಾರಿಸಿ ಬಂದು, ಅದು ಸುಳ್ಳು ಎಂದು ಓಣಿಗೆಲ್ಲ ಸಾರಿದ. ಫೈಜಾನ್ ಅಳುತ್ತ ಬಂದು ಅಜ್ಜನ ಎದುರು ನಿಂತ.

“ನಾನಾ, ನೀವು ಡ್ರೈವರ್ ಇದ್ದಿಲ್ಲೇನ್ರಿ?”

“ಇಲ್ಲಪ್ಪ.”

“ಗಾರ್ಡ್?”

“ಅದೂ ಅಲ್ಲ.”

“ಟಿಕೇಟ್ ನೋಡವ್ರು?”

“ಅಲ್ಲ.”

“ಮತ್ತ ರೈಲಿನ್ಯಾಗ ಏನ್ ಮಾಡ್ತಿದ್ರಿ?”

ಶಫಿಸಾಬರು ಬಾಯಿ ತೆರೆಯುವಷ್ಟರಲ್ಲಿ ವಕಾರ್ ನಡುವೆ ಬಾಯಿ ಹಾಕಿದ. “ಹಳಿ ಮ್ಯಾಲ ತಿರುಗಾಡ್ತಿದ್ರು. ನಡದಾಡಿದ್ದಕ್ಕ ಸರಕಾರ ಪಗಾರ ಕೊಡ್ತಿತ್ತು, ನಸೀಬು ನೋಡು.”

ಮನೆಯವರೆಲ್ಲ ನಕ್ಕರು. ಜೀನತ್ ಕೂಡ ದುಪಟ್ಟಾದ ಮರೆಯಲ್ಲಿ ನಕ್ಕಳು. ಹೆತ್ತ ಮಗಳೇ ನಕ್ಕಳಲ್ಲ ಎಂಬುದು ಶಫಿಸಾಬರಿಗೆ ಇಡೀ ವಾರ ಮುಳ್ಳಾಗಿ ಚುಚ್ಚಿತು.

ತಿರುಗಾಟವಂತೆ. ಮೂವತ್ನಾಲ್ಕು ವರ್ಷ ಅವರು ಕೀಮ್ಯಾನ್ ಆಗಿದ್ದರು. ಬೆಳಗಾದರೆ ಹೆಗಲಿಗೆ ಸುತ್ತಿಗೆ ಮತ್ತು ಪಾನಾ, ಬಗಲಲ್ಲಿ ಸುತ್ತಿಟ್ಟ ಕೆಂಪು ಬಾವುಟ. ತಮ್ಮ ಪಾಲಿನ ಹಳಿಯುದ್ದಕ್ಕೂ ನಡೆಯುತ್ತ, ಹಳಿಯನ್ನು ಹಿಡಿದಿಡುವ ಸಡಿಲಾದ ಕೀಲಿಗಳನ್ನು ಬಡಿದು ಕೂಡಿಸಬೇಕು, ಬೋಲ್ಟು ಬಿಗಿಯಬೇಕು, ಬಿರುಕಿದೆಯೇ ಎಂದು ಬಗ್ಗಿ ನೋಡಬೇಕು. ಮಳೆಯಿರಲಿ, ಚಳಿಯಿರಲಿ, ಕಲಬುರಗಿಯ ಮೇ ತಿಂಗಳ ಬಿಸಿಲಿರಲಿ, ರಜೆ ಅನ್ನುವುದು ಹಳಿಗೆ ಗೊತ್ತಿರಲಿಲ್ಲ. ಅವರ ಕಾಲಿನ ಆಣಿಗಳನ್ನು ಎಣಿಸಿದರೆ ಸಾಕಿತ್ತು, ಅಳಿಯನಿಗೆ ತಿರುಗಾಟ ಅಂದರೇನೆಂದು ತಿಳಿಯುತ್ತಿತ್ತು. ಬಾಯಲ್ಲಿ ಹೇಳಿದರೆ ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ, ಕಣ್ಣಿಗೇ ತೋರಿಸಬೇಕು ಎಂದು ಅವರು ತೀರ್ಮಾನಿಸಿದರು. ಹಾಗಾಗಿ ಅಂಗಡಿಗೆ ಬಂದಿದ್ದರು. ಮಕ್ಕಳು ಪ್ಲಾಸ್ಟಿಕ್ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿ ಹಳಿ, ಡಬ್ಬಿ, ಸ್ಟೇಷನ್ ಎಲ್ಲವನ್ನೂ ತಾವೇ ಕಟ್ಟುವ ರೈಲು ಸಿಗುತ್ತದೆಂದು ಅವರಿಗೆ ಯಾರೋ ಹೇಳಿದ್ದರು.

ಅಂಗಡಿ ನೋಡಿಕೊಳ್ಳುತ್ತಿದ್ದ ಮಲ್ಲಿಕಾ ಮೊದಲು ಇಳಿಸಿದ್ದು ದೊಡ್ಡ ಡಬ್ಬ. “ಇದು ಭಾಳ ಹೋಗ್ತದ ನೋಡ್ರಿ ಕಾಕಾ. ಸೆಲ್ ಹಾಕಿ ಬಟನ್ ಒತ್ತಿದ್ರ ಸಾಕು, ತಾನ ಓಡ್ತದ. ಲೈಟ್ ಅದ, ಹಾರ್ನ್ ಅದ.”

“ಎದುರಿಗಿ ಕೆಂಪು ಬಾವುಟ ಹಿಡದ್ರ ನಿಲ್ತದೇನು?”

ಮಲ್ಲಿಕಾ ಡಬ್ಬದ ಮೇಲಿನ ಬರಹವನ್ನೆಲ್ಲ ಓದಿದಳು. “ಅದೆಲ್ಲ ಇಲ್ರಿ. ಬಟನ್ ಬಂದ್ ಮಾಡಬೇಕು.”

“ಬಾವುಟಕ್ಕ ನಿಲ್ಲಲಾರದ್ದು ಯಾವ ಗಾಡಿ ಮಗಳ? ಇದರಾಗ ಜನ ಹ್ಯಾಂಗ ಕೂಡ್ತಾರ?”

“ಇದರಾಗ ಯಾರೂ ಕೂಡಂಗಿಲ್ರಿ ಕಾಕಾ,” ಎಂದು ಮಲ್ಲಿಕಾ ನಗು ನುಂಗಿ ಇನ್ನೊಂದು ಡಬ್ಬ ಇಟ್ಟಳು. ಇದು ಕೈಯಿಂದ ತಳ್ಳುವ ರೈಲು. ಇದರಲ್ಲಿ ಜನರೂ ಇದ್ದರು. ಟೋಪಿಯ ಡ್ರೈವರ್, ಹಸಿರು ಬಾವುಟದ ಗಾರ್ಡ್, ಪೆಟ್ಟಿಗೆ ಹಿಡಿದ ಹೆಂಗಸು, ಚಹಾ ಮಾರುವವನು. ಕೊನೆಗೆ ಒಂದು ನಾಯಿ. ಶಫಿಸಾಬರು ಡಬ್ಬವನ್ನು ತಿರುಗಿಸಿ ಮುರುಗಿಸಿ ನೋಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು.

“ಹಳಿ ಬಿಗಿಯಾಂವ ಎಲ್ಲಿದಾನ?”

“ಯಾರ್ರಿ?”

“ಹಳಿ ನೋಡಾಂವ. ಸುತ್ತಿಗಿ ಹಿಡದಾಂವ.”

“ಹಂಗ ಯಾರೂ ಬಂದಿಲ್ರಿ ಇದರಾಗ. ಐದ ಬೊಂಬಿ ಅಂತ ಬರದಾರ.”

“ನಾಯಿ ಬಂದದಲ್ಲ. ಸ್ಟೇಷನ್ದಾಗ ಮಕ್ಕೊಂಡ ನಾಯಿಗಿ ಡಬ್ಬಿದಾಗ ಜಾಗ ಅದ, ಹಳಿ ಮ್ಯಾಲ ಜೀವ ತೇದಾಂವಗ ಇಲ್ಲ. ಇದನ್ನ ಮಾಡ್ದಾಂವ ಎಂದಾದ್ರೂ ಹಳಿ ಕಂಡಾನೇನು?”

ಮಲ್ಲಿಕಾಳ ತಪ್ಪೇನೂ ಇರಲಿಲ್ಲ. ಬಡವರ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ, ಶಫಿಸಾಬರು ದವಡೆ ಕಚ್ಚಿಕೊಂಡೇ ಆ ಡಬ್ಬವನ್ನು ಕಟ್ಟಿಸಿಕೊಂಡರು. ಎಷ್ಟೆಂದರೂ ಅದು ಕೈಯ ಮಾತು ಕೇಳುವ ರೈಲು. ನಿಲ್ಲು ಎಂದರೆ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಬೀದರ್ ಗಾಡಿ ಹತ್ತಿ ಕಮಲಾಪುರಕ್ಕೆ ಬಂದರು. ಬೇಸಿಗೆ ರಜೆ, ಮಕ್ಕಳು ಮನೆಯಲ್ಲೇ ಇದ್ದರು. ಶಹಾಬಾದಿ ಕಲ್ಲು ಹಾಸಿದ ಅಂಗಳದಲ್ಲಿ ಕೂತು ಅವರು ತಾವೇ ಹಳಿ ಹಾಕಲು ಮುಂದಾದರು. ಹದಿನಾರು ತುಂಡುಗಳ ಒಂದು ಸುತ್ತು. ಒಂದೊಂದು ತುಂಡನ್ನೂ ಕಣ್ಣಿನ ಮಟ್ಟಕ್ಕೆ ಹಿಡಿದು, ಡೊಂಕಿಲ್ಲವೆಂದು ಖಾತ್ರಿ ಮಾಡಿಕೊಂಡು, ಮುಂದಿನ ತುಂಡಿನ ಪಕ್ಕ ಇಟ್ಟರು. ನಡುವೆ ಕಿರುಬೆರಳ ಉಗುರಿನಷ್ಟು ಸಂದು ಬಿಟ್ಟರು. ಹದಿನಾರು ಜೋಡಣೆಗೂ ಹದಿನಾರು ಸಂದು, ಒಂದೂ ಹೆಚ್ಚುಕಡಿಮೆ ಇರಲಿಲ್ಲ.

“ಬಿಸಲಿಗಿ ಕಬ್ಬಿಣ ಬೆಳೀತದ,” ಎಂದು ಕೆಲಸದ ಜೊತೆಗೇ ಹೇಳತೊಡಗಿದರು. “ಬೆಳ್ಯಾಕ ಜಾಗ ಬಿಡಬೇಕು. ಬಿಡಲಿಲ್ಲಂದ್ರ ಹಳಿ ಸೊಟ್ಟಾಗ್ತದ. ಒಂದ ಸಲ ಹಿಂಗ ಆಗಿತ್ತು. ಮೇ ತಿಂಗಳು, ಮಧ್ಯಾಹ್ನ. ಗಸ್ತಿನ ಮ್ಯಾಲಿದ್ದೆ. ನೋಡ್ತೀನಿ, ಹಳಿ ಹಾವಿನಂಗ ಡೊಂಕಾಗ್ಯದ. ಎಕ್ಸ್‌ಪ್ರೆಸ್ ಬರೋ ಹೊತ್ತು. ಬಾವುಟ ಬಿಚ್ಚಿ ಗಾಡಿ ಬರೋ ದಿಕ್ಕಿಗೇ ಓಡಿದೆ. ಚಪ್ಪಲ್ ಎಲ್ಲಿ ಬಿತ್ತೋ ಗೊತ್ತಿಲ್ಲ. ಗಾಡಿ ನಿಂತಿತು.”

ಆಮೇಲೆ ನಡೆದದ್ದನ್ನು ಹೇಳುವಾಗ ಅವರ ದನಿ ಗಡುಸಾಯಿತು. ಗಾಡಿ ಎರಡು ತಾಸು ನಿಂತಿತ್ತು. ಕಿಟಕಿ ಕಿಟಕಿಯಿಂದ ಜನ ತಲೆ ಹೊರಹಾಕಿ ಅವರನ್ನು ಬೈದಿದ್ದರು. ‘ಏ ಹುಚ್ಚ, ಯಾಕ ನಿಲ್ಲಿಸಿದಿ?’ ಎಂದು ಒಬ್ಬ ಕೂಗಿದ್ದ. ‘ಮುಂದ ಹಳಿ ಕೆಟ್ಟದರೀ’ ಎಂದು ಇವರು ಹೇಳಿದ್ದಕ್ಕೆ, ಅವನು ಬಾಯಲ್ಲಿದ್ದ ಗುಟ್ಕಾ ಇವರ ಕಾಲ ಬಳಿಯೇ ಉಗುಳಿದ್ದ. ಸರಕಾರಿ ನೌಕರ ಜನರ ಜೊತೆ ಜಗಳಕ್ಕಿಳಿಯಬಾರದು, ಹಾಗಾಗಿ ಉತ್ತರ ಕೊಡಲಿಲ್ಲ. ಆ ಉತ್ತರ ಇಪ್ಪತ್ತು ವರ್ಷದಿಂದ ಹೊಟ್ಟೆಯಲ್ಲೇ ಇದೆ.

ತಲೆ ಎತ್ತಿ ನೋಡಿದರೆ ವಕಾರ್ ಮೊಬೈಲಿನಲ್ಲಿದ್ದ. ಫೈಜಾನ್ ಎಂಜಿನ್ ಹಿಡಿದು ಕುಣಿಯುತ್ತಿದ್ದ. ಜೀನತ್ ಅಡುಗೆಮನೆಯಲ್ಲಿದ್ದಳು. ಆಯೇಶಾ ಮಾತ್ರ ಸುಮ್ಮನೆ ಕೂತು ಸಂದುಗಳನ್ನು ನೋಡುತ್ತಿದ್ದಳು. ಕೇಳಿದಳೋ ಇಲ್ಲವೋ ತಿಳಿಯಲಿಲ್ಲ.

ಫೈಜಾನ್ ಎಂಜಿನ್ ತಳ್ಳಿದ. ಮೊದಲ ಸಂದಿಗೇ ಅದು ಮುಗ್ಗರಿಸಿ ಬಿತ್ತು. ಎತ್ತಿ ಇಟ್ಟರೆ ಎರಡನೆಯ ಸಂದಿಗೆ ಬಿತ್ತು. ಶಫಿಸಾಬರು ಕೆಂಡವಾದರು. ರಸೀದಿಯ ಮೇಲಿನ ನಂಬರಿಗೆ ಅಲ್ಲಿಂದಲೇ ಫೋನ್ ಹಚ್ಚಿ, ಮಾಲು ಖೊಟ್ಟಿ ಎಂದು ಮಲ್ಲಿಕಾಳ ಮೇಲೆ ಹರಿಹಾಯ್ದರು.

“ಟಕ್ ಅಂತ ಸಪ್ಪಳ ಬರೋತನಕ ಒತ್ತೀರೇನ್ರಿ ಕಾಕಾ?” ಎಂದು ಅವಳು ಕೇಳಿದಳು.

“ಒತ್ತಿದ್ರ ಸಂದು ಎಲ್ಲಿ ಉಳೀತದ?”

“ಸಂದು ಯಾಕ ಬೇಕ್ರಿ?”

“ಕಲಬುರಗ್ಯಾಗ ಹುಟ್ಟಿ, ಮೇ ತಿಂಗಳದಾಗ, ಸಂದು ಯಾಕ ಅಂತ ಕೇಳ್ತಿ?” ಎಂದು ಶಫಿಸಾಬರು ಫೋನ್ ಇಟ್ಟುಬಿಟ್ಟರು.

ಅಷ್ಟರಲ್ಲಿ ಆಯೇಶಾ ತುಂಡುಗಳನ್ನು ಒಂದೊಂದಾಗಿ ಒತ್ತಿದ್ದಳು. ಟಕ್, ಟಕ್, ಟಕ್. ಹಳಿ ಸುತ್ತಲೂ ಕೂಡಿಕೊಂಡಿತು. ಫೈಜಾನ್ ತಳ್ಳಿದ್ದೇ ತಡ, ಗಾಡಿ ಸರ್ರೆಂದು ಓಡಿತು. ವಕಾರನಿಗೆ ಇನ್ನೇನು ಬೇಕು? “ಮೂವತ್ನಾಲ್ಕು ವರ್ಷ ರೈಲ್ವೆದಾಗಿದ್ದು ಆಟದ ಹಳಿ ಹಾಕಾಕ ಬರಲಿಲ್ಲ ನೋಡ್ರಿ ಮಾಮು. ಕುಣ್ಯಾಕ ಬರಲಾರದಕಿ ನೆಲ ಡೊಂಕ ಅಂದಳಂತ.”

ಶಫಿಸಾಬರು ಎದ್ದರು. ಕೈಕಾಲು ತೊಳೆದು ವಜೂ ಮಾಡಿ ಮಧ್ಯಾಹ್ನದ ಜೊಹರ್ ನಮಾಜಿಗೆ ಹೋದರು. ಬಂದು ಯಾರ ಮುಖವನ್ನೂ ನೋಡದೆ ಉಂಡರು, ಗೋಡೆಯ ಕಡೆ ಮುಖ ಮಾಡಿ ಮಲಗಿದರು. ತೋರಿಸಲು ಬಂದದ್ದೇನು, ಕಂಡದ್ದೇನು. ಮೊಮ್ಮಕ್ಕಳ ಕಣ್ಣಲ್ಲಿ ಇನ್ನು ತಾನು ಹಳಿ ಹಾಕಲೂ ಬಾರದ, ಬರೀ ನಡೆದಾಡಿದ ಮುದುಕ. ಈ ಸಂಕಟಕ್ಕೆ ಅವರಿಗೆ ನಿದ್ದೆ ಹತ್ತಲಿಲ್ಲ.

ನಾಲ್ಕು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಫೈಜಾನನ ಕೂಗು ಕೇಳಿ ಹೊರಗೆ ಬಂದರು.

ಹಳಿ ಮಧ್ಯಾಹ್ನವಿಡೀ ಬಿಸಿಲಲ್ಲೇ ಇತ್ತು. ಕಾದ ಕಲ್ಲಿನ ಮೇಲೆ, ಒಂದಕ್ಕೊಂದು ಬಿಗಿಯಾಗಿ ಕೂಡಿದ ಪ್ಲಾಸ್ಟಿಕ್ ಹಿಗ್ಗಲು ಜಾಗವಿಲ್ಲದೆ ಒಂದು ಕಡೆ ಗೂನುಬೆನ್ನಾಗಿ ಮೇಲೆದ್ದಿತ್ತು. ಆ ಗೂನಿಗೆ ಎರಡು ಗೇಣು ಈಚೆ ಆಯೇಶಾ ಮಂಡಿಯೂರಿ ಕೂತಿದ್ದಳು. ಊಟದ ಮೇಲೆ ತಿಂದ ಕಮಲಾಪುರದ ಕೆಂಪು ಬಾಳೆಹಣ್ಣಿನ ಸಿಪ್ಪೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಳಿಗೆ ಅಡ್ಡ ಹಿಡಿದಿದ್ದಳು. ಗಾಡಿ ಸಿಪ್ಪೆಯ ಮುಂದೆ ನಿಂತಿತ್ತು.

“ಏ ಹುಚ್ಚಿ, ಯಾಕ ನಿಲ್ಲಿಸಿದಿ?” ಎಂದು ಫೈಜಾನ್ ಚೀರುತ್ತಿದ್ದ.

“ಮುಂದ ಹಳಿ ಕೆಟ್ಟದ,” ಎಂದಳು ಆಯೇಶಾ.

ಫೈಜಾನ್ ಕೇಳಲಿಲ್ಲ. ಅವಳ ಕೈ ಕೊಡವಿ ಸಿಪ್ಪೆ ಕಿತ್ತೆಸೆದ. ಶಫಿಸಾಬರ ಹೊಟ್ಟೆಯಲ್ಲಿ ಇಪ್ಪತ್ತು ವರ್ಷ ಕೂತಿದ್ದ ಮಾತು ಆಗ ಹೊರಬಿತ್ತು.

“ಬೈತೀಯೇನೋ? ಅಕಿ ಬಿಸಲಾಗ ಓಡಿ ಬಂದು ನಿನ್ನ ಜೀವ ಉಳಿಸ್ಯಾಳ. ಎರಡ ತಾಸು ತಡ ಆದ್ರ ಏನ್ ಹೋಗ್ತದ ನಿಂದು? ಮನಿಗಿ ಹೋಗಿ ಹೆಂಡ್ರು ಮಕ್ಕಳ ಮುಖ ನೋಡ್ತಿ, ಅದು ಯಾರಿಂದ? ಇಳಿ ಕೆಳಗ. ಇಳದು ಅಕಿಗಿ ಸಲಾಂ ಮಾಡು.”

ಆರು ವರ್ಷದ ಹುಡುಗನಿಗೆ ಹೆಂಡ್ರು ಮಕ್ಕಳೆಲ್ಲಿ? ಆದರೂ ಯಾರೂ ನಗಲಿಲ್ಲ. ಬಾಗಿಲಿಗೆ ಬಂದಿದ್ದ ವಕಾರ್ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಜೀನತ್ ತಂದೆಯ ಬರಿಗಾಲುಗಳನ್ನೇ ನೋಡುತ್ತ ನಿಂತಳು. ಫೈಜಾನ್ ತುಟಿ ಉಬ್ಬಿಸಿ ಅಕ್ಕನಿಗೆ ಸಲಾಂ ಮಾಡಿದ.

ಆಯೇಶಾ ಸಲಾಮಿಗೆ ಕಾಯಲೂ ಇಲ್ಲ. ಗೂನು ಬಿದ್ದ ತುಂಡುಗಳನ್ನು ಕಿತ್ತು ನೆರಳಿಗೆ ಇಟ್ಟು, “ನಾನಾ, ಎಷ್ಟ ಸಂದು ಬಿಡಬೇಕ್ರಿ?” ಎಂದಳು. ಶಫಿಸಾಬರು ಪಕ್ಕದಲ್ಲಿ ಕೂತು ಕಿರುಬೆರಳ ಉಗುರು ತೋರಿಸಿದರು.

ಫೈಜಾನ್ ಸ್ವಲ್ಪ ಹೊತ್ತು ದೂರವೇ ನಿಂತಿದ್ದು, ಮೆಲ್ಲಗೆ ಬಂದು ಅಜ್ಜನ ಬೆನ್ನಿಗೆ ಒರಗಿದ.

“ನಾಳೆ ಸಲ್ಮಾನಗ ಹೇಳ್ತೀನ್ರಿ. ನಮ್ಮ ನಾನಾ ರೈಲು ಓಡಿಸ್ತಿರಲಿಲ್ಲ, ನಿಲ್ಲಿಸ್ತಿದ್ರು ಅಂತ.”

“ಒಂದ ಸಲ ನಿಲ್ಲಿಸೀನಿ,” ಎಂದರು ಶಫಿಸಾಬರು, ಇನ್ನೂ ಇಳಿಯದ ಸಿಟ್ಟಿನಲ್ಲೇ. “ಮೂವತ್ನಾಲ್ಕು ವರ್ಷ ನಾ ನೋಡಿದ ಹಳಿ ಮ್ಯಾಲ ಗಾಡಿ ಓಡ್ತಲ್ಲ, ಅದನ್ನೂ ಹೇಳು.”