ಎದುರು ಅಂಚಿನ ಲೆಕ್ಕ

ಬಸ್ಸಿನಲ್ಲಿ ಇಬ್ಬರ ಸೀಟು ಎಂಬುದೊಂದು ಭ್ರಮೆ. ಅಳತೆಪಟ್ಟಿ ಹಿಡಿದರೆ ಎರಡು ಭಾಗವೂ ಸಮವೇ; ಆದರೆ ಕಿಟಕಿಯ ಕಡೆ ಕೂತವರಿಗೆ ಗಾಳಿ, ನೋಟ, ತಲೆಯಾನಿಸಲು ಒಂದು ಸರಳು; ಈಚೆ ಕೂತವರಿಗೆ ನಿಂತವರ ಚೀಲ, ಕಂಡಕ್ಟರನ ಮೊಣಕೈ ಮತ್ತು ಸೀಟಿನ ಕಾಲುಭಾಗ. ಚಳ್ಳಕೆರೆಯಿಂದ ಮೊಳಕಾಲ್ಮೂರಿನ ತವರಿಗೆ ಹೋಗುವಾಗಲೆಲ್ಲ ನನಗೆ ಒಲಿಯುವುದು ಈ ಎರಡನೆಯದೇ. ಸಮಮಿತಿಯ ಮೇಲೆ ಮಹಾಪ್ರಬಂಧ ಬರೆಯಲು ಹೊರಟ ಗಣಿತದ ಮೇಡಂಗೆ ತಕ್ಕ ಶಾಸ್ತಿ ಎನ್ನಿ.

ನನಗೀಗ ಐವತ್ತಾರು. ಪಾಠ, ಪರೀಕ್ಷೆ, ಮೌಲ್ಯಮಾಪನಗಳಿಗೆ ಸವೆದು ಉಳಿದ ಅಲ್ಪಸ್ವಲ್ಪ ಜೀವದಲ್ಲಿ ಪಿಎಚ್.ಡಿ. ಮಾಡುವ ಹುಚ್ಚು ಯಾಕೆ ಹತ್ತಿತೋ ದೇವರಿಗೇ ಗೊತ್ತು. ಪರೀಕ್ಷಕರೊಬ್ಬರು ಆಕ್ಷೇಪ ಎತ್ತಿದ್ದರು. ತಿಂಗಳ ಕೊನೆಯೊಳಗೆ ಉತ್ತರಿಸದಿದ್ದರೆ ನೋಂದಣಿಯೇ ರದ್ದು, ಇಷ್ಟು ವರ್ಷದ ಕೆಲಸ ನೀರಿನಲ್ಲಿ ಹೋಮ. ನಿಜ ಹೇಳಲೇ? ರದ್ದಾದರೆ ಆಗಲಿ, ನಿದ್ದೆಯಾದರೂ ಬಂದೀತು ಎನ್ನುವಷ್ಟು ಸುಸ್ತಾಗಿದ್ದೆ.

ವಿಷಯದ ಹೆಸರು ‘ಬಹುಚರ ಬಹುಪದೋಕ್ತಿಗಳ ಅಂತರ್ವೇಶನದಲ್ಲಿ ಸಮಮಿತಿ’. ಹೆದರಬೇಡಿ, ಹೆಸರಷ್ಟೇ ದೊಡ್ಡದು. ಒಂದು ಚೌಕದ ಶೇಂಗಾ ಹೊಲದಲ್ಲಿ, ಸಾಲಿಗೆ ಮೂರರಂತೆ ಒಂಬತ್ತು ಕಡೆ ಮಣ್ಣಿನ ತೇವ ಅಳೆದಿದ್ದೀರಿ ಎನ್ನಿ. ಆ ಒಂಬತ್ತಕ್ಕೂ ಸರಿಹೊಂದುವ ಒಂದೇ ಸೂತ್ರ ಸಿಕ್ಕರೆ, ಅಳೆಯದ ಜಾಗದ ತೇವವನ್ನೂ ಅಂದಾಜು ಮಾಡಬಹುದು. ಅದಕ್ಕೆ ಒಂಬತ್ತು ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಆದರೆ ಹೊಲದ ನಕ್ಷೆಯನ್ನು ಮೂಲೆಯಿಂದ ಮೂಲೆಗೆ ಮಡಚಿದರೆ ಬಿಂದುವಿನ ಮೇಲೆ ಬಿಂದು ಕೂರುತ್ತದಲ್ಲ, ಆ ಉಪಕಾರದಿಂದ ಒಂಬತ್ತರ ಒಂದೇ ಹೊರೆ ಆರು ಮತ್ತು ಮೂರರ ಎರಡು ಹೊರೆಗಳಾಗುತ್ತದೆ. ಆರರಲ್ಲಿ ಎರಡು ಮಗ್ಗುಲಿಗೂ ಸಮಾನವಾದದ್ದು. ಮೂರರಲ್ಲಿ ಅವುಗಳ ನಡುವಿನ ವ್ಯತ್ಯಾಸ. ನನ್ನ ಪ್ರಬಂಧದ ಹೊಲದಲ್ಲಿ ಬಿಂದುಗಳು ನೂರಾರು, ತತ್ತ್ವ ಇದೇ. ನಿಮ್ಮ ಸೂತ್ರ ಕೊಟ್ಟ ಬೆಲೆಗಳಿಗೇ ತಾಳೆಯಾಗುತ್ತಿಲ್ಲ ಎಂಬುದು ಪರೀಕ್ಷಕರ ತಕರಾರು. ಆರು ತಿಂಗಳಿಂದ ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೆ.

ಹೀಗಿರುವಾಗ ನಮ್ಮ ವದಿನ, ಅಂದರೆ ಅತ್ತಿಗೆ (ನಮ್ಮದು ಅರ್ಧ ತೆಲುಗಿನ ಮನೆ), ಬಚ್ಚಲಲ್ಲಿ ಜಾರಿ ಮುಂಗೈ ಮುರಿದುಕೊಂಡರು. ಅಣ್ಣನ ಮಗ್ಗದ ಮೇಲೆ ಮದುವೆಯ ಸೀರೆಯೊಂದು ಅರ್ಧಕ್ಕೆ ನಿಂತಿತ್ತು. ರೇಷ್ಮೆ ಸೀರೆಗೆ ಎರಡು ಕಡೆಯೂ ಒಡಲಿಗಿಂತ ಬೇರೆ ಬಣ್ಣದ ಅಂಚು. ಅಣ್ಣ ನಡುವೆ ಕೂತು ಒಡಲನ್ನೂ ತನ್ನ ಕಡೆಯ ಅಂಚನ್ನೂ ನೇಯುತ್ತಾನೆ, ಎದುರು ಅಂಚಿನ ಲಾಳಿ ಪಕ್ಕದಲ್ಲಿ ಕೂತವರ ಕೈಯಲ್ಲಿ. ಆ ಜಾಗ ಮೊದಲು ಅವ್ವನದು, ಆಮೇಲೆ ವದಿನಮ್ಮನದು. ರಜೆಯಿತ್ತು, ನಾನು ಕೂರುತ್ತೇನೆ ಎಂದೆ. ಅಣ್ಣ ಬಲಗೈಯಲ್ಲಿ ಮಾಡಿದ್ದನ್ನು ನಾನು ಎಡಗೈಯಲ್ಲಿ ಮಾಡಿದರಾಯಿತು, ಕನ್ನಡಿಯಲ್ಲಿ ನೋಡಿದ ಹಾಗೆ ಎಂಬುದು ನನ್ನ ಪಾಂಡಿತ್ಯ.

ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಅಣ್ಣ ಮಗ್ಗ ನಿಲ್ಲಿಸಿದ. ಅವನ ಅಂಚು ನೇರವಾಗಿತ್ತು. ನನ್ನದು ಬಿಗಿದು, ಒಡಲೆಲ್ಲ ಸುಕ್ಕಾಗಿತ್ತು. ಗೇಣುದ್ದ ಬಿಚ್ಚಬೇಕು. ಅವನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

“ಅಂಚು ಎರಡೂ ಒಂದೇ ಕಣಮ್ಮ, ಕೂರೋದು ಒಂದೇ ಅಲ್ಲ,” ಎಂದ. “ನಾನು ನೆಟ್ಟಗೆ ಕುಂತೀನಿ, ನೀನು ಓರೆಯಾಗಿ ಕುಂತೀಯ. ನಾನು ಎಳ್ದಷ್ಟೇ ನೀನೂ ಎಳೆದ್ರೆ ಬಿಗಿಯಾಗ್ತೈತೆ. ಆ ಕಡೆ ಕೈ ಬ್ಯಾರೆನೇ ಐತೆ.”

ಅವನು ಒಂದೊಂದೇ ಎಳೆ ಬಿಚ್ಚುತ್ತ ಕೂತ. ನಾನು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಒಂಬತ್ತು ಬಿಂದು ಗುರುತಿಸಿಕೊಂಡು ಪೆಚ್ಚಾಗಿ ಕೂತೆ. ಬಿಂದುಗಳು ಒಂದರ ಮೇಲೊಂದು ಕೂತವೆಂದ ಮಾತ್ರಕ್ಕೆ ಅವುಗಳ ಬೆಲೆಯೂ ಒಂದೇ ಆಗಬೇಕೆಂದು ಯಾವ ಶಾಸ್ತ್ರ ಹೇಳಿದೆ? ನಾನು ಆರನ್ನು ಮಾತ್ರ ಬಿಡಿಸಿ, ವ್ಯತ್ಯಾಸದ ಆ ಮೂರನ್ನು ಸೊನ್ನೆಯೆಂದೇ ಹಿಡಿದು ವರ್ಷಗಟ್ಟಲೆ ಮುಂದೆ ಹೋಗಿದ್ದೆ. ಸಮಮಿತಿ ಹೊರೆಯನ್ನು ಹಂಚಿಕೊಡುತ್ತದೆ, ಅಷ್ಟೇ. ಒಂದು ಪಾಲನ್ನು ಬಿಸಾಡಿ ಎನ್ನುವುದಿಲ್ಲ. ಆ ಮೂರನ್ನೂ ಬಿಡಿಸಿ ಆರಕ್ಕೆ ಕೂಡಿಸಿದೆ. ಒಂಬತ್ತು ಬೆಲೆಗಳೂ ತಾಳೆಯಾದವು. ಮಾರ್ಗದರ್ಶಕರಿಗೆ ಫೋನ್ ಮಾಡಿ ತಪ್ಪು ನನ್ನದೇ ಎಂದೆ. ಇನ್ನೂ ಹದಿನೈದು ದಿನ ಇದೆ, ಬರೆದು ಕೊಡಿ ಎಂದರು. ಹಿಗ್ಗಬೇಕಿತ್ತು. ಹಿಗ್ಗುವಷ್ಟು ತ್ರಾಣ ಉಳಿದಿರಲಿಲ್ಲ.

ಸಂಜೆ ಪಡಸಾಲೆಯಲ್ಲಿ ಗೋಡೆಗೊರಗಿದ್ದೆ. ಎಂಬತ್ತು ದಾಟಿದ ಅವ್ವ ಎಣ್ಣೆ ಬಟ್ಟಲು ಹಿಡಿದು ಬಂದು ಹಿಂದೆ ಕೂತಳು. ಎರಡು ದಿನ ಓರೆಯಾಗಿ ಕೂತು ನೋಯುತ್ತಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಅವಳ ಹೆಬ್ಬೆರಳು ಹುಡುಕಾಡಲಿಲ್ಲ. ಎಡ ಹೆಗಲಿನ ಮೂಳೆಯ ಕೆಳಗೆ, ಪ್ರಾಣ ಹೋಗುವಂತೆ ಸೆಳೆಯುತ್ತಿದ್ದ ಜಾಗಕ್ಕೇ ನೇರವಾಗಿ ಹೋಗಿ ಕೂತಿತು. ಚಿಕ್ಕಂದಿನಲ್ಲಿ ಆ ಎದುರು ಅಂಚಿಗೆ ಕೂರಲು ಅಪ್ಪ ನನ್ನನ್ನು ಕರೆದಾಗಲೆಲ್ಲ, “ಅದು ಓದ್ಕಳ್ಲಿ ಬಿಡು, ನಾನೇ ಕುಂತ್ಕಂತೀನಿ,” ಎನ್ನುತ್ತಿದ್ದವಳು ಇವಳು. ನಾನು ಹೊಸ್ತಿಲ ಮೇಲೆ ಪುಸ್ತಕ ಹಿಡಿದು ಕೂತು, ಅವಳಿಗೆ ಆ ಕೆಲಸ ಇಷ್ಟವೆಂದೇ ತಿಳಿದಿದ್ದೆ.

“ನಿನಗೂ ಇಲ್ಲೇ ನೋಯ್ತಿತ್ತಾ ಅವ್ವ?”

“ಹೂಂ.”

“ಒಂದು ದಿನನಾದ್ರೂ ಹೇಳಿದ್ರೆ ನಾನು ಬಂದು ಕೂರ್ತಿರಲಿಲ್ವಾ?”

ಅವ್ವ ಇನ್ನಷ್ಟು ಎಣ್ಣೆ ಹಚ್ಚಿದಳು.

“ಅದಕ್ಕೇ ಹೇಳ್ಲಿಲ್ಲ,” ಎಂದಳು.